ಹದಿನೈದು ಕಿಲೋ ಬಾಕ್ಸಿನ ಅರ್ಥಶಾಸ್ತ್ರ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ 15 ಕಿಲೋ ತೂಗುವ ಟೊಮೆಟೊ ಬಾಕ್ಸಿನ ಹರಾಜು 2,000 ರೂಪಾಯಿ ದಾಟಿತು. ಕಿಲೋ ಲೆಕ್ಕದಲ್ಲಿ ಅದು 130 ರೂಪಾಯಿಗೂ ಮೇಲೆ. ತೋಟಕ್ಕೆ ರಾತ್ರಿ ಕಾವಲು ಕೂತ ರೈತರು, ಹೊಲದಿಂದಲೇ ಹಣ್ಣು ಕಿತ್ತೊಯ್ದ ಕಳ್ಳರು, ಒಂದೇ ಬೆಳೆಯಲ್ಲಿ ಸಾಲವೆಲ್ಲ ತೀರಿಸಿಕೊಂಡವರು... ಆ ತಿಂಗಳ ಪತ್ರಿಕೆಗಳ ತುಂಬ ಇಂಥವೇ ಸುದ್ದಿ. ಅದೇ ವರ್ಷದ ಬೇಸಿಗೆಯಲ್ಲಿ ಮಹಾರಾಷ್ಟ್ರದ ಬೆಳೆಗಾರರು ಕಿತ್ತ ಕೂಲಿಯೂ ಹುಟ್ಟದೆ ಟೊಮೆಟೊವನ್ನು ರಸ್ತೆಗೆ ಸುರಿದಿದ್ದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮತ್ತೆ ನೆಲಕಚ್ಚಿತು.

ಟೊಮೆಟೊ ಬೆಳೆಯುವುದೆಂದರೆ ಲಾಟರಿ ಎಂದು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೇಳುವುದುಂಟು. ಆದರೆ ಲಾಟರಿಯಲ್ಲಿ ಕಾರ್ಯಕಾರಣ ಇರುವುದಿಲ್ಲ, ಇಲ್ಲಿ ಇದೆ. ಬೆಲೆಯ ಈ ಏರಿಳಿತದ ಹಿಂದಿರುವ ಲೆಕ್ಕವನ್ನು ಬಿಡಿಸುವುದೇ ಕೃಷಿ ಅರ್ಥಶಾಸ್ತ್ರದ ಮೊದಲ ಕೆಲಸ. ಪದವಿ ತರಗತಿಯಲ್ಲಿ ರೇಖಾಚಿತ್ರಗಳೊಂದಿಗೆ ಶುರುವಾಗುವ ಈ ವಿಷಯವನ್ನು ಒಂದು ಟೊಮೆಟೊ ಬಾಕ್ಸಿನಿಂದಲೂ ಶುರು ಮಾಡಬಹುದು. ಹಾಗೆ ಶುರು ಮಾಡಿದರೆ ಬೇಗನೆ ಎದುರಾಗುವ ಸತ್ಯವೊಂದಿದೆ: ಒಬ್ಬ ರೈತನಿಗೆ ಬುದ್ಧಿವಂತಿಕೆಯ ತೀರ್ಮಾನವಾದದ್ದನ್ನೇ ಎಲ್ಲ ರೈತರೂ ತೆಗೆದುಕೊಂಡರೆ ಎಲ್ಲರಿಗೂ ನಷ್ಟ. ಹಳ್ಳಿಯ ಸಾಲ, ಸಿಟ್ಟು, ಹತಾಶೆಗಳಲ್ಲಿ ಬಹುಪಾಲಿನ ಬೇರು ಈ ಒಂದು ಮಾತಿನಲ್ಲಿದೆ.

ಮೊದಲು ಅಡುಗೆಮನೆಯ ಕಡೆಯಿಂದ ನೋಡೋಣ. ಟೊಮೆಟೊ ಕಿಲೋಗೆ ಹತ್ತು ರೂಪಾಯಿಗೆ ಇಳಿಯಿತೆಂದು ಯಾವ ಮನೆಯಲ್ಲೂ ಸಾರಿಗೆ ನಾಲ್ಕು ಪಟ್ಟು ಹಣ್ಣು ಹಾಕುವುದಿಲ್ಲ. ನೂರಕ್ಕೆ ಏರಿತೆಂದು ಪೂರ್ತಿ ಬಿಡುವುದೂ ಇಲ್ಲ. ಹುಣಸೆಹಣ್ಣು ಸ್ವಲ್ಪ ಹೆಚ್ಚಾಗುತ್ತದೆ, ಗೊಜ್ಜು ಕೆಲವು ದಿನ ನಿಲ್ಲುತ್ತದೆ, ಅಷ್ಟೆ. ಬೆಲೆ ಎಷ್ಟೇ ಬದಲಾದರೂ ಕೊಳ್ಳುವ ಪ್ರಮಾಣ ಅಷ್ಟಾಗಿ ಬದಲಾಗದ ಈ ಗುಣವನ್ನು ಪಠ್ಯಗಳು ಬೇಡಿಕೆಯ ಕಡಿಮೆ ಸ್ಥಿತಿಸ್ಥಾಪಕತ್ವ ಎನ್ನುತ್ತವೆ. ಕೇಳಲು ಸಣ್ಣ ಸಂಗತಿ, ಆದರೆ ಅದರ ಪರಿಣಾಮ ಭೀಕರ. ಮಾರುಕಟ್ಟೆಗೆ ಬಂದ ಮಾಲು ಸ್ವಲ್ಪ ಹೆಚ್ಚಾದರೂ ಆ ಹೆಚ್ಚಿನದನ್ನು ಖಾಲಿ ಮಾಡಲು ಬೆಲೆ ಬಹಳ ಇಳಿಯಬೇಕಾಗುತ್ತದೆ.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದದ್ದು ಇಂಗ್ಲೆಂಡಿನಲ್ಲಿ, ಮುನ್ನೂರು ವರ್ಷಗಳಿಗೂ ಹಿಂದೆ. 1699ರಲ್ಲಿ ಚಾರ್ಲ್ಸ್ ಡೇವನೆಂಟ್ ಪ್ರಕಟಿಸಿದ, ಗ್ರೆಗರಿ ಕಿಂಗ್ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಒಂದು ಪಟ್ಟಿ ಅದು. ಧಾನ್ಯದ ಫಸಲು ಮಾಮೂಲಿಗಿಂತ ಶೇ 10ರಷ್ಟು ಕಡಿಮೆಯಾದರೆ ಬೆಲೆ ಶೇ 30ರಷ್ಟು ಏರುತ್ತದೆ. ಶೇ 20ರಷ್ಟು ಕಡಿಮೆಯಾದರೆ ಶೇ 80. ಅರ್ಧಕ್ಕರ್ಧ ನಾಶವಾದರೆ ಶೇ 450. ಒಂದು ಗುಣಾಕಾರ ಮಾಡಿ ನೋಡಿ. ನೂರು ಮೂಟೆಯ ಜಾಗದಲ್ಲಿ 90 ಮೂಟೆ, ನೂರು ರೂಪಾಯಿಯ ಜಾಗದಲ್ಲಿ 130 ರೂಪಾಯಿ. ಒಟ್ಟು ಬಂದದ್ದು 11,700. ಮೊದಲು ಬರುತ್ತಿದ್ದದ್ದು 10,000. ಫಸಲು ಕಡಿಮೆಯಾದರೂ ರೈತವರ್ಗದ ಒಟ್ಟು ಕೈಗೆ ಹಣ ಹೆಚ್ಚು ಬಂತು! ಇದನ್ನೇ ತಿರುಗಿಸಿದರೆ, ಮಳೆ ಕೈಹಿಡಿದು, ರೋಗ ಬಾರದೆ, ಊರಿಗೆ ಊರೇ ಭರ್ಜರಿ ಬೆಳೆದ ವರ್ಷವೇ ಒಟ್ಟು ಆದಾಯ ಕುಸಿಯುವ ವರ್ಷ. ದೇವರು ಕೊಟ್ಟ ಒಳ್ಳೆಯ ಬೆಳೆ ಮನೆಗೆ ಹಣ ತರಲಿಲ್ಲವೇಕೆ ಎಂದು ಕೇಳುವ ರೈತನಿಗೆ ಈ ಗುಣಾಕಾರವೇ ಉತ್ತರ. ಸಮಾಧಾನ ಕೊಡುವ ಉತ್ತರವಲ್ಲ, ಆದರೆ ನಿಜವಾದದ್ದು.

ಎರಡನೆಯ ಸಂಗತಿ ಕಾಲದ್ದು. ನರ್ಸರಿಯ ಸಸಿ ನಾಟಿ ಮಾಡಿ ಮೊದಲ ಕೊಯ್ಲಿಗೆ ಕೈಹಾಕಲು ಎರಡು–ಎರಡೂವರೆ ತಿಂಗಳು ಬೇಕು. ಅಂದರೆ ಇವತ್ತಿನ ಬೆಲೆ ನೋಡಿ ನಾಟಿ ಮಾಡಿದವನು ಮಾರುವುದು ಇನ್ನೊಂದು ಋತುವಿನ ಬೆಲೆಗೆ. 2023ರ ಮೊದಲ ತಿಂಗಳುಗಳಲ್ಲಿ ಬೆಲೆ ಬಿದ್ದಿತ್ತು. ಹಲವರು ಟೊಮೆಟೊ ಕೈಬಿಟ್ಟರು. ಇದ್ದ ಬೆಳೆಗೆ ಬಿಸಿಲು ಬಡಿಯಿತು. ಕೋಲಾರದ ಸುತ್ತ ಬಿಳಿನೊಣದ ಬೆನ್ನಿಗೇ ಎಲೆಮುರುಟು ರೋಗ ಬಂತು. ಬೇರೆ ಕಡೆ ಮಳೆ ಹೊಡೆಯಿತು. ಜುಲೈನಲ್ಲಿ ಮಾಲು ಇಲ್ಲ, ಬೆಲೆ ಆಕಾಶಕ್ಕೆ. ಆ ಬೆಲೆ ಕಂಡು ಎಲ್ಲರೂ ನರ್ಸರಿಗೆ ಓಡಿದರು. ಅವರ ಹಣ್ಣೆಲ್ಲ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಟ್ಟಿಗೆ ಯಾರ್ಡಿಗೆ ಬಂತು. ಈ ಸರದಿಗೆ ಅರ್ಥಶಾಸ್ತ್ರಜ್ಞರು ಇಟ್ಟ ಹೆಸರು ಜೇಡರಬಲೆ ಪ್ರಮೇಯ, ಏಕೆಂದರೆ ಬೇಡಿಕೆ–ಪೂರೈಕೆ ಗೆರೆಗಳ ನಡುವೆ ಈ ಬೆಲೆಗಳನ್ನು ಗುರುತಿಸುತ್ತ ಹೋದರೆ ಮೂಡುವ ಚಿತ್ರ ಹಾಗೆಯೇ ಕಾಣುತ್ತದೆ. 1930ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಹಂದಿ ಸಾಕಣೆಯ ಏರಿಳಿತ ಗಮನಿಸುತ್ತ ಬೆಳೆದ ವಿಚಾರ ಇದು. 1938ರಲ್ಲಿ ಮೊರ್ಡೆಕಾಯ್ ಎಝೆಕಿಯೆಲ್ ಬರೆದ ಲೇಖನ ಅದಕ್ಕೆ ಗಟ್ಟಿ ರೂಪ ಕೊಟ್ಟಿತು.

ರೈತರು ಇಷ್ಟು ಸಲ ಏಟು ತಿಂದೂ ಪಾಠ ಕಲಿಯುವುದಿಲ್ಲವೇ? ನಗರದಲ್ಲಿ ಕೂತವರು ಪದೇ ಪದೇ ಕೇಳುವ ಪ್ರಶ್ನೆ. 1961ರಲ್ಲಿ ಜಾನ್ ಮೂತ್ ಎಂಬ ಅರ್ಥಶಾಸ್ತ್ರಜ್ಞ ಎತ್ತಿದ್ದೂ ಹೆಚ್ಚುಕಡಿಮೆ ಇದನ್ನೇ. ಜನರಿಗೆ ಚಕ್ರ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ, ಆಗ ಚಕ್ರವೇ ಉಳಿಯುವುದಿಲ್ಲ ಎಂಬುದು ಅವರ ವಾದ. ವಾದ ಸೊಗಸಾಗಿದೆ, ಆದರೆ ಅದಕ್ಕೆ ಎರಡು ಷರತ್ತು ಬೇಕು. ಈ ವಾರ ತಾಲ್ಲೂಕಿನಲ್ಲಿ, ಪಕ್ಕದ ಮದನಪಲ್ಲಿಯಲ್ಲಿ, ದೂರದ ನಾಸಿಕ್ಕಿನಲ್ಲಿ ಎಷ್ಟು ಎಕರೆ ನಾಟಿಯಾಯಿತು ಎಂಬುದು ರೈತನಿಗೆ ತಿಳಿದಿರಬೇಕು. ಎಲ್ಲರೂ ಹಾಕುವಾಗ ಹಾಕದೆ, ಎಲ್ಲರೂ ಬಿಡುವಾಗ ಹಾಕಲು ಕೈಯಲ್ಲಿ ದುಡ್ಡಿರಬೇಕು. ಬೆಲೆ ಬಿದ್ದ ಬೆಳೆಯ ಮರುದಿನ ರೈತನ ಕೈಯಲ್ಲಿ ಇಲ್ಲದಿರುವುದೇ ಆ ದುಡ್ಡು. ತಪ್ಪು ಅವನ ತಿಳಿವಳಿಕೆಯಲ್ಲಿಲ್ಲ.

ಇನ್ನು ಯಾರ್ಡಿನ ಒಳಗೆ ಹೋಗೋಣ. ಕೋಲಾರದ ಮಂಡಿಗಳ ಮುಂದೆ ಪ್ಲಾಸ್ಟಿಕ್ ಬಾಕ್ಸುಗಳು ಸಾಲುಸಾಲಾಗಿ ಪೇರಿಸಿರುತ್ತವೆ. ಗಾತ್ರ, ಬಣ್ಣ, ಗಟ್ಟಿತನ ನೋಡಿ ಹರಾಜು ಕೂಗುತ್ತಾರೆ. ಉತ್ತರ ಭಾರತಕ್ಕೆ ಲಾರಿ ಹತ್ತುವ ಮಾಲು ಪೂರ್ತಿ ಕೆಂಪಾಗಿರುವಂತಿಲ್ಲ. ಬಣ್ಣ ತಿರುಗುತ್ತಿರುವಾಗಲೇ ಕಿತ್ತ ಗಟ್ಟಿ ಹಣ್ಣು ಬೇಕು, ದಾರಿಯಲ್ಲಿ ಹಣ್ಣಾಗುತ್ತ ಹೋಗುತ್ತದೆ. ಕೆಂಪಾದದ್ದು ಹತ್ತಿರದ ಊರುಗಳಿಗೆ. ಹರಾಜು ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ. ಬೆಲೆ ಹಿಡಿಸದಿದ್ದರೆ ಬಾಕ್ಸುಗಳನ್ನು ಹಿಂದಕ್ಕೆ ಒಯ್ಯುವ ಹಕ್ಕು ರೈತನಿಗೆ ಇದೆ. ಆದರೆ ಒಯ್ದು ಎಲ್ಲಿಡುವುದು? ನಾಳೆಗೆ ಅದೇ ಹಣ್ಣು ಒಂದು ದರ್ಜೆ ಕೆಳಗೆ ಇಳಿದಿರುತ್ತದೆ.

ಇಲ್ಲೊಂದು ಲೆಕ್ಕ ಹಾಕಬೇಕು. ಅಂಕಿಗಳು ವಿವರಣೆಗಾಗಿ ಹಿಡಿದವು, ಊರಿಂದ ಊರಿಗೆ ಬದಲಾಗುತ್ತವೆ. ಒಂದು ಬಾಕ್ಸ್ ಹಣ್ಣು ಕೀಳಲು ಕೂಲಿ 20 ರೂಪಾಯಿ, ಯಾರ್ಡಿಗೆ ಸಾಗಿಸಿ ಇಳಿಸಲು 25 ರೂಪಾಯಿ, ಮಾರಿದ ಮೊತ್ತದ ಮೇಲೆ ನೂರಕ್ಕೆ ಹತ್ತು ಕಮಿಷನ್ ಎಂದುಕೊಳ್ಳಿ. ಬಾಕ್ಸಿಗೆ 60 ರೂಪಾಯಿ ಸಿಕ್ಕರೆ ರೈತನಿಗೆ ಉಳಿಯುವುದು 9 ರೂಪಾಯಿ. 50 ಸಿಕ್ಕರೆ ಸೊನ್ನೆ. 40 ಸಿಕ್ಕರೆ ಕೈಯಿಂದ 9 ರೂಪಾಯಿ ಹಾಕಬೇಕು. ಹಾಗಾಗಿ 50ರ ಕೆಳಗೆ ಬೆಲೆ ಹೋದ ದಿನ ಹಣ್ಣನ್ನು ಗಿಡದಲ್ಲೇ ಬಿಡುವುದು, ದನಕರುಗಳಿಗೆ ಮೇಯಲು ಬಿಡುವುದು, ಟ್ರ್ಯಾಕ್ಟರ್ ಹೊಡೆಸಿ ಉತ್ತುಬಿಡುವುದು — ನೋಡುವವರಿಗೆ ಹತಾಶೆ ಅನ್ನಿಸಿದರೂ ಅದು ಶುದ್ಧ ಲೆಕ್ಕಾಚಾರ.

ಗಮನಿಸಬೇಕಾದ್ದು, ಈ ಲೆಕ್ಕದಲ್ಲಿ ಸಸಿ, ಗೊಬ್ಬರ, ಔಷಧಿ, ಗಿಡ ಕಟ್ಟುವ ಕೋಲು–ದಾರ, ಡ್ರಿಪ್ ಪೈಪುಗಳಿಗೆ ಹಾಕಿದ ಹಣ ಬರಲೇ ಇಲ್ಲ. ಸಾವಿರ ಅಡಿಗೂ ಕೆಳಗೆ ಇಳಿದ ಬೋರ್‌ವೆಲ್ಲಿನ ಖರ್ಚೂ ಬರಲಿಲ್ಲ. ಅವೆಲ್ಲ ಆಗಲೇ ಕೈಬಿಟ್ಟು ಹೋದ ವೆಚ್ಚ. ಇವತ್ತು ಕೀಳಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಅವು ಸಂಬಂಧಪಡುವುದಿಲ್ಲ. ಆದರೆ ಸಾಲ ಕೊಟ್ಟವನಿಗೆ ಸಂಬಂಧಪಡುತ್ತದೆ. ಪಠ್ಯಪುಸ್ತಕ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಎರಡು ಖಾನೆ ಎಳೆಯುವಾಗ ವಿದ್ಯಾರ್ಥಿ ನೆನಪಿಡಬೇಕಾದ ವಾಸ್ತವ ಇದು. ಇನ್ನು ಮುಂದೆ ಆಗಬೇಕಾದ ವೆಚ್ಚ ಹಣ್ಣು ಕೀಳಬೇಕೇ ಎಂಬುದನ್ನು ತೀರ್ಮಾನಿಸುತ್ತದೆ, ಆಗಲೇ ಹಾಕಿದ ವೆಚ್ಚ ಮನೆ ಉಳಿಯುತ್ತದೆಯೇ ಎಂಬುದನ್ನು.

ವೆಚ್ಚದ ಮಾತು ಬಂದಾಗ ಬೆಂಬಲ ಬೆಲೆಯ ಜಗಳವನ್ನೂ ಮುಟ್ಟಬೇಕು. ಆ ಬೆಲೆಯನ್ನು ಶಿಫಾರಸು ಮಾಡುವ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ 1965ರಿಂದ ಇದೆ. ಅದು ವೆಚ್ಚವನ್ನು ಹಲವು ಬಗೆಯಲ್ಲಿ ಲೆಕ್ಕ ಹಾಕುತ್ತದೆ: ಕೈಯಿಂದ ಖರ್ಚಾದದ್ದು, ಅದಕ್ಕೆ ಮನೆಮಂದಿಯ ದುಡಿಮೆ ಸೇರಿಸಿದ್ದು, ಅದರ ಮೇಲೆ ಸ್ವಂತ ಜಮೀನಿನ ಗುತ್ತಿಗೆ ಮೌಲ್ಯ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು. ಸರ್ಕಾರ ವೆಚ್ಚದ ಒಂದೂವರೆ ಪಟ್ಟು ಕೊಡುತ್ತಿದ್ದೇವೆ ಎನ್ನುವಾಗ ಎರಡನೆಯದನ್ನು ಹಿಡಿದಿರುತ್ತದೆ. ರೈತ ಸಂಘಟನೆಗಳು ಸ್ವಾಮಿನಾಥನ್ ಆಯೋಗದ ಹೆಸರಿನಲ್ಲಿ ಕೇಳುವುದು ಮೂರನೆಯದನ್ನು. ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಡತಿಗೆ ಯಾರೂ ಕೂಲಿ ಕೊಡುವುದಿಲ್ಲ, ಆದರೆ ಅದೇ ಹೊತ್ತಿನಲ್ಲಿ ಆಕೆ ಪಕ್ಕದ ಹೊಲಕ್ಕೆ ಹೋಗಿದ್ದರೆ ಕೂಲಿ ಸಿಗುತ್ತಿತ್ತು. ಆ ಬಿಟ್ಟುಕೊಟ್ಟ ಕೂಲಿಯೂ ವೆಚ್ಚವೇ. ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ತರುವ ವಿಷಯದಲ್ಲಿ ಅರ್ಥಶಾಸ್ತ್ರದ ಈ ಪರಿಕಲ್ಪನೆ ನಮ್ಮ ಎಷ್ಟೋ ಮನೆಗಳಿಗಿಂತ ಹೆಚ್ಚು ನ್ಯಾಯವಾಗಿದೆ. ಟೊಮೆಟೊಗಂತೂ ಯಾವ ಬೆಂಬಲ ಬೆಲೆಯೂ ಇಲ್ಲ.

ಗ್ರಾಹಕ ಕೊಟ್ಟ ರೂಪಾಯಿಯಲ್ಲಿ ರೈತನಿಗೆ ಎಷ್ಟು? 2024ರ ಅಕ್ಟೋಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಟೊಮೆಟೊದಲ್ಲಿ 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದೆಲ್ಲ ದಲ್ಲಾಳಿಯ ಜೇಬಿಗೆ ಎನ್ನುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಲಾರಿ ಬಾಡಿಗೆ, ಹಮಾಲಿ, ದಾರಿಯಲ್ಲಿ ಕೊಳೆತದ್ದು, ತಳ್ಳುಗಾಡಿಯವರು ಸಂಜೆ ಅರ್ಧ ಬೆಲೆಗೆ ಕೊಟ್ಟುಹೋಗುವ ಮೆತ್ತಗಿನ ಹಣ್ಣು, ಎಲ್ಲವೂ ಅದರಲ್ಲಿದೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ಈ ನಡುವಿನ ಖರ್ಚು ಬೆಲೆಯೊಂದಿಗೆ ಇಳಿಯುವುದಿಲ್ಲ. ಅಂಗಡಿಯಲ್ಲಿ ಕಿಲೋಗೆ 30 ರೂಪಾಯಿ ಇದ್ದಾಗ ನಡುವಿನ ಖರ್ಚು 18, ರೈತನಿಗೆ 12 ಎಂದುಕೊಳ್ಳಿ. ಅಂಗಡಿ ಬೆಲೆ 24ಕ್ಕೆ ಇಳಿಯಿತು, ಅಂದರೆ ಗ್ರಾಹಕರಿಗೆ ಶೇ 20ರ ಇಳಿಕೆ. ನಡುವಿನ 18 ಹಾಗೇ ಉಳಿಯಿತು. ರೈತನಿಗೆ ಸಿಕ್ಕಿದ್ದು 6 ರೂಪಾಯಿ. ಅವನ ಪಾಲಿಗೆ ಶೇ 50ರ ಕುಸಿತ. ಪೇಟೆಯವರಿಗೆ ಬೆಲೆ ಸ್ವಲ್ಪ ಕಡಿಮೆಯಾಗಿದೆ ಅನ್ನಿಸುವ ವಾರವೇ ಹಳ್ಳಿಯಲ್ಲಿ ದಿವಾಳಿಯ ವಾರ.

ಬೆಲೆ ಏರಿದಾಗ ಸರ್ಕಾರಗಳು ಎಷ್ಟು ಚುರುಕು ಎಂಬುದನ್ನೂ ಇದೇ ಜುಲೈ ತೋರಿಸಿತು. 2023ರ ಜುಲೈ 14ರಿಂದ ರಾಷ್ಟ್ರೀಯ ಗ್ರಾಹಕ ಸಹಕಾರಿ ಒಕ್ಕೂಟವಾದ ಎನ್‌ಸಿಸಿಎಫ್ ಮೂಲಕ ದೆಹಲಿ ಸುತ್ತಮುತ್ತ ಕಿಲೋಗೆ 90 ರೂಪಾಯಿಯಂತೆ ಟೊಮೆಟೊ ಮಾರಾಟ ಶುರುವಾಯಿತು. ಕೆಲವೇ ದಿನಗಳಲ್ಲಿ ದರವನ್ನು 80ಕ್ಕೆ, 70ಕ್ಕೆ ಇಳಿಸಿದರು. ಆಗಸ್ಟಿನಲ್ಲಿ ನೇಪಾಳದಿಂದ ಆಮದು ಮಾಡಿಕೊಳ್ಳುವ ಪ್ರಕಟಣೆ ಬಂತು. ಅದೇ ತಿಂಗಳು ಈರುಳ್ಳಿ ರಫ್ತಿಗೆ ಶೇ 40ರ ಸುಂಕ, ಡಿಸೆಂಬರಿನಲ್ಲಿ ರಫ್ತು ನಿಷೇಧ. 2024ರ ಮೇವರೆಗೂ ಅದು ಜಾರಿಯಲ್ಲಿತ್ತು. ಗ್ರಾಹಕರಿಗೆ ಆ ಹೊತ್ತಿನಲ್ಲಿ ನೆರವು ಬೇಕಿತ್ತು, ಸಂಶಯವಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಬೆಲೆ ಬಿದ್ದಾಗ ರೈತನ ನೆರವಿಗೆ ಅದೇ ವೇಗದಲ್ಲಿ ಯಾರೂ ಬರಲಿಲ್ಲ. ಏರಿಕೆಗೆ ಮುಚ್ಚಳವಿದೆ, ಇಳಿಕೆಗೆ ತಳವಿಲ್ಲ. ರೈತ ಹಲವು ಬೆಳೆಗಳ ನಷ್ಟವನ್ನು ಒಂದು ಒಳ್ಳೆಯ ಬೆಲೆಯಲ್ಲಿ ತುಂಬಿಕೊಳ್ಳುವವನು. ಆ ಒಂದು ಬೆಲೆಯನ್ನೂ ಕತ್ತರಿಸಿದರೆ ಅವನ ಲೆಕ್ಕ ಎಂದೂ ಸರಿಹೋಗುವುದಿಲ್ಲ. ಈ ಅಸಮಾನತೆ ನಮ್ಮ ಆಹಾರ ನೀತಿಯ ದೊಡ್ಡ ಅನ್ಯಾಯ.

ದೂರದಿಂದ ನೋಡಿದರೆ ಚಿತ್ರ ಇನ್ನೂ ಬಿಗಿಯಾಗಿದೆ. ಆದಾಯ ಹೆಚ್ಚಿದಂತೆ ಊಟಕ್ಕೆ ಖರ್ಚಾಗುವ ಪಾಲು ಕುಗ್ಗುತ್ತದೆ ಎಂದು 1857ರಲ್ಲಿ ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಗುರುತಿಸಿದ್ದರು. ನಮ್ಮ ಗ್ರಾಮೀಣ ಕುಟುಂಬಗಳ ಖರ್ಚಿನಲ್ಲಿ ಆಹಾರದ ಪಾಲು 1999–2000ರಲ್ಲಿ ಶೇ 59 ಇದ್ದದ್ದು 2022–23ರಲ್ಲಿ ಶೇ 46ಕ್ಕೆ ಇಳಿದಿದೆ. ದೇಶದ ದುಡಿಯುವವರಲ್ಲಿ 2023–24ರಲ್ಲೂ ನೂರಕ್ಕೆ 46 ಮಂದಿ ಕೃಷಿಯಲ್ಲೇ ಇದ್ದರು, ಸರಾಸರಿ ಹಿಡುವಳಿ 1970–71ರ 2.28 ಹೆಕ್ಟೇರಿನಿಂದ 2015–16ಕ್ಕೆ 1.08 ಹೆಕ್ಟೇರಿಗೆ ಬಂದಿದೆ. 2018–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ–ಸಂಬಳದಿಂದ 4,063. ಕೃಷಿ ಕುಟುಂಬ ಎಂದು ನಾವು ಕರೆಯುವ ಮನೆ ಬೆಳೆಗಿಂತ ಹೆಚ್ಚು ಕೂಲಿಯಿಂದ ನಡೆಯುತ್ತಿದೆ.

ಹೊಸ ತಳಿ, ಹೊಸ ತಂತ್ರ ಬಂದರೆ ಇದೆಲ್ಲ ಸರಿಹೋಗುವುದಿಲ್ಲವೇ? ಮೊದಲು ಅಳವಡಿಸಿಕೊಂಡವನಿಗೆ ಲಾಭ ಖಂಡಿತ. ಇಳುವರಿ ಹೆಚ್ಚು, ಬೆಲೆ ಇನ್ನೂ ಹಳೆಯದು. ಉಳಿದವರೂ ಅದೇ ದಾರಿ ಹಿಡಿದಾಗ ಮಾಲು ಹೆಚ್ಚಿ ಬೆಲೆ ಇಳಿಯುತ್ತದೆ, ಅಳವಡಿಸಿಕೊಳ್ಳದೆ ಉಳಿದವನು ಕೈಸುಟ್ಟುಕೊಳ್ಳುತ್ತಾನೆ, ಅಳವಡಿಸಿಕೊಂಡವನು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲ್ಲರ್ಡ್ ಕಾಕ್ರೇನ್ 1958ರಲ್ಲಿ ಇದನ್ನು ಟ್ರೆಡ್‌ಮಿಲ್ ಎಂದು ಕರೆದರು. ಸಂಶೋಧನೆ ಬೇಡವೆಂದು ಇದರ ಅರ್ಥವಲ್ಲ. ಅಗ್ಗದ ಆಹಾರದಿಂದ ಬಡವರ ಹೊಟ್ಟೆ ತುಂಬುತ್ತದೆ, ಅದು ದೊಡ್ಡ ಸಾಧನೆ. ಆದರೆ ಹೆಚ್ಚು ಬೆಳೆಯಿರಿ ಎಂಬ ಒಂದೇ ಸಲಹೆಯಿಂದ ರೈತನ ಆದಾಯ ಏರುತ್ತದೆಂಬ ಭರವಸೆ ಕೊಡುವವರು ಈ ಲೆಕ್ಕದ ಕೊನೆಯ ಸಾಲನ್ನು ಓದದೆ ಬಿಟ್ಟಿರುತ್ತಾರೆ.

ಹಾಗಾದರೆ ಯಾವ ಉಪಾಯ ಫಲ ಕೊಟ್ಟಿದೆ, ಎಲ್ಲಿ? ಮಾಹಿತಿಯಿಂದ ಎಷ್ಟಾಗುತ್ತದೆ ಎಂಬುದಕ್ಕೆ ಕೇರಳದ ಮೀನುಗಾರರ ಉದಾಹರಣೆ ಪ್ರಸಿದ್ಧ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ, ಬೂತಾಯಿ ಹಿಡಿದ ದೋಣಿಯವರು ಸಮುದ್ರದಿಂದಲೇ ಫೋನ್ ಮಾಡಿ ಯಾವ ದಡದಲ್ಲಿ ಕೊಳ್ಳುವವರಿದ್ದಾರೆಂದು ಕೇಳತೊಡಗಿದರು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೀನು ಎಸೆಯುವುದು ನಿಂತಿತು, ಮೀನುಗಾರರ ಲಾಭ ಶೇ 8ರಷ್ಟು ಹೆಚ್ಚಿತು, ಗ್ರಾಹಕರ ಬೆಲೆ ಶೇ 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ. ಆದರೆ ಈ ಕಥೆಯಲ್ಲಿ ಮೀನು ಆಗಲೇ ಬಲೆಯಲ್ಲಿತ್ತು, ತೀರ್ಮಾನಿಸಬೇಕಿದ್ದದ್ದು ಯಾವ ದಡ ಎಂಬುದನ್ನು ಮಾತ್ರ.

ಸಂಘಟನೆಯ ಉದಾಹರಣೆ ಮಂಗಳೂರಿನಲ್ಲೇ ಇದೆ. ಅಡಿಕೆ ಬೆಲೆ ಕುಸಿದ ದಿನಗಳಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ–ಕೇರಳದ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಸಹಕಾರಿಯೊಂದು ಅಂಗಳಕ್ಕೆ ಇಳಿದು ಕೊಳ್ಳತೊಡಗಿದ ಮೇಲೆ ವರ್ತಕರು ಹೇಳಿದ್ದೇ ಬೆಲೆ ಎನ್ನುವಂತಿರಲಿಲ್ಲ. ಮುಂದೆ ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿದ ರೈತರನ್ನು ಖರೀದಿದಾರರು ಕೈಬಿಟ್ಟಾಗ ಕ್ಯಾಂಪ್ಕೊ ಕೊಕ್ಕೊವನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಾವಿರಾರು ಮಾರುವವರು, ಬೆರಳೆಣಿಕೆಯ ಕೊಳ್ಳುವವರು ಇರುವ ಮಾರುಕಟ್ಟೆಯಲ್ಲಿ ಕೊಳ್ಳುವವನೊಬ್ಬ ರೈತರ ಕಡೆಯವನಾದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಕರ್ನಾಟಕದ ವಿದ್ಯಾರ್ಥಿಗೆ ಬೇಡ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಒಣಗಿಸಿದ ಅಡಿಕೆಯನ್ನು ಚೀಲದಲ್ಲಿ ಕಟ್ಟಿಟ್ಟು ಬೆಲೆಗಾಗಿ ಕಾಯಬಹುದು, ಟೊಮೆಟೊ ಕಾಯುವುದಿಲ್ಲ. ಕೇಂದ್ರ ಸರ್ಕಾರ 2018–19ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಪ್ರಕಟಿಸಿದ ಮೇಲೂ 2023 ನಡೆದುಹೋಯಿತು.

ಟೊಮೆಟೊಗೆ ಬೇಕಾದ ಮಾಹಿತಿ ಇವತ್ತಿನ ಯಾರ್ಡಿನ ದರವಲ್ಲ. ಅದು ಈಗ ಎಲ್ಲರ ಮೊಬೈಲಿನಲ್ಲೂ ಇದೆ, ಮತ್ತು ಎಲ್ಲರನ್ನೂ ಒಟ್ಟಿಗೆ ನಾಟಿಗೆ ಎಬ್ಬಿಸುವುದೂ ಅದೇ. ಬೇಕಾದದ್ದು ಎರಡೂವರೆ ತಿಂಗಳ ನಂತರ ಎಷ್ಟು ಮಾಲು ಬರಲಿದೆ ಎಂಬ ಅಂದಾಜು. ಅದನ್ನು ತಿಳಿಯಲು ದೊಡ್ಡ ತಂತ್ರಜ್ಞಾನ ಬೇಡ. ನರ್ಸರಿಗಳಿಂದ ಹೊರಟ ಪ್ರತಿ ಟ್ರೇ ಟೊಮೆಟೊ ಸಸಿಯೂ ಮುಂದಿನ ಬಾಕ್ಸುಗಳ ಮುನ್ಸೂಚನೆ. ಕೋಲಾರ, ಚಿಕ್ಕಬಳ್ಳಾಪುರ, ಚಿಂತಾಮಣಿ, ಮದನಪಲ್ಲಿಯ ಸುತ್ತಲ ನರ್ಸರಿಗಳು ವಾರಕ್ಕೆ ಎಷ್ಟು ಸಸಿ ಮಾರಿದವು ಎಂಬುದನ್ನು ತೋಟಗಾರಿಕೆ ಇಲಾಖೆ ಸೋಮವಾರ ಸೋಮವಾರ ಪ್ರಕಟಿಸಿದರೆ ಸಾಕು. 2020ರಿಂದ ರಾಜ್ಯದ ರೈತರು ತಮ್ಮ ಬೆಳೆಯ ವಿವರವನ್ನು ತಾವೇ ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪಿನಲ್ಲಿ ದಾಖಲಿಸುತ್ತಿದ್ದಾರೆ. ಆದರೆ ಆ ಸಮೀಕ್ಷೆ ನಾಟಿಯಾದ ಮೇಲಿನದು. ನರ್ಸರಿಯ ಲೆಕ್ಕ ನಾಟಿಗೆ ಮೊದಲೇ ಸಿಗುತ್ತದೆ. ಕೃಷಿ ಕಾಲೇಜಿನ ಒಂದು ತರಗತಿಯ ಹುಡುಗರು, ಹುಡುಗಿಯರು ಒಂದು ತಾಲ್ಲೂಕಿನ ನರ್ಸರಿಗಳನ್ನು ಹಂಚಿಕೊಂಡು ಒಂದು ಹಂಗಾಮು ಈ ಲೆಕ್ಕ ಬರೆದು, ಎರಡೂವರೆ ತಿಂಗಳ ನಂತರದ ಯಾರ್ಡಿನ ಆವಕ ಮತ್ತು ದರದ ಜೊತೆ ಅದನ್ನು ಇಟ್ಟು ನೋಡಬಹುದು. ಅದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಬಸ್ ಚಾರ್ಜು, ಮತ್ತು ನರ್ಸರಿಯವರ ಹತ್ತಿರ ಕೂತು ಮಾತಾಡುವ ತಾಳ್ಮೆ.